ಗೂಬೆ ಕೂರಿಸುವ ಮುನ್ನ

ಹೋದ ವರ್ಷ ಒಂದು ಭಾನುವಾರ ಬೆಳಗ್ಗೆ ಅಕ್ಕನ ಫೋನು ಬಂತು. “ನೀನು ಕಂಪ್ಯೂಟರ್ ಓದ್ಕಂಡಿದೀಯಲ್ಲ, ಅದನ್ನ ಅಳಿಸಿ ಹಾಕೋದು ಹೆಂಗೆ ಅಂತ ಹೇಳೋ” ಅಂದಳು. ಏನನ್ನ ಅಂತ ಕೇಳಿದರೆ ಅವಳಿಗೆ ಮಾತೇ ಬರಲಿಲ್ಲ. ಫೋನನ್ನ ಮಗಳ ಕೈಗೆ ಕೊಟ್ಟಳು.

ತಿಪಟೂರಿನ ಹತ್ತಿರ ಒಂದು ಹಳ್ಳಿ ನಮ್ಮದು. ಅಕ್ಕನ ಮಗಳು ಆಗ ಫಸ್ಟ್ ಪಿಯುಸಿ. ದಿನಾ ಬೆಳಗ್ಗೆ ಬಸ್ಸು ಹತ್ತಿ ಕಾಲೇಜಿಗೆ ಹೋಗಿ ಸಂಜೆ ವಾಪಸ್ ಬರುವ ಹುಡುಗಿ. ಯಾರೋ ಅವಳ ಹೆಸರಲ್ಲಿ ಇನ್‌ಸ್ಟಾಗ್ರಾಂ ಅಕೌಂಟು ತೆರೆದಿದ್ದರು. ಕಾಲೇಜು ಕಾರ್ಯಕ್ರಮದಲ್ಲಿ ತೆಗೆದ ಫೋಟೊಗಳು, ಅವುಗಳ ಕೆಳಗೆ ಅವಳ ಹಲ್ಲು, ಅವಳ ಬಣ್ಣ, ಅವಳಪ್ಪನ ಹಳೇ ಗಾಡಿ, ಎಲ್ಲದರ ಬಗ್ಗೆಯೂ ಗೇಲಿ. ನಗುವ ಮುಖದ ಇಮೋಜಿ ಹಾಕಿದವರಲ್ಲಿ ಹೆಚ್ಚಿನವರು ಅವಳದೇ ಕ್ಲಾಸಿನವರು.

ನಾನು ಸೀರಿಯಸ್ಸಾಗಿ ಹೇಳಿದೆ: ಸ್ಕ್ರೀನ್‌ಶಾಟ್ ತೆಗೆದಿಟ್ಕೊ, ರಿಪೋರ್ಟ್ ಮಾಡು, ಬ್ಲಾಕ್ ಮಾಡು.

“ಬ್ಲಾಕ್ ಮಾಡಿದ್ರೆ ನಾನು ನೋಡಿದೀನಿ ಅಂತ ಅವರಿಗೆ ಗೊತ್ತಾಗ್ತದೆ ಮಾಮ. ಆಮೇಲೆ ಬಸ್ಸಲ್ಲಿ ಇನ್ನೂ ಜಾಸ್ತಿ ಮಾಡ್ತಾರೆ” ಅಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, ದನಿ ತಗ್ಗಿಸಿ, “ಅಪ್ಪಂಗೆ ಹೇಳ್ಬೇಡ. ಫೋನ್ ಕಿತ್ಕಂತಾರೆ. ಕಾಲೇಜೂ ಸಾಕು ಅಂತಾರೆ” ಅಂದಳು.

ನಾನು ಸಾಫ್ಟ್‌ವೇರ್ ಕೆಲಸಕ್ಕೆ ಸೇರಿ ಹದಿನಾಲ್ಕು ವರ್ಷವಾಯಿತು. ನಾನು ಕೊಟ್ಟ ಮೂರು ಪರಿಹಾರಗಳು ಯಾಕೆ ಕೆಲಸ ಮಾಡಲ್ಲ ಅಂತ ಹದಿನಾರರ ಹುಡುಗಿ ಎರಡು ಮಾತಲ್ಲಿ ಹೇಳಿಬಿಟ್ಟಳು. ನಮ್ಮ ಫೀಲ್ಡಲ್ಲಿ ಒಂದು ಅಭ್ಯಾಸ ಇದೆ. ಬಗ್ ಸಿಕ್ಕಿದರೆ ಅದು ಯಾವ ಕಾಲದ ಕೋಡಿನಲ್ಲಿ ಹುಟ್ಟಿತು ಅಂತ ಹಿಂದಕ್ಕೆ ಹೋಗಿ ನೋಡ್ತೀವಿ. ಅವತ್ತಿನಿಂದ ನಾನು ಮಾಡಿದ್ದೂ ಅದೇ. ಹೋಗ್ತಾ ಹೋಗ್ತಾ ಇಂಟರ್ನೆಟ್ಟಿಗಿಂತ ಹಿಂದಕ್ಕೆ, 1960ರ ದಶಕದ ಸ್ವೀಡನ್ನಿನ ಶಾಲೆಯ ಅಂಗಳಕ್ಕೆ ಹೋಗಿ ನಿಂತೆ.

ಅಲ್ಲಿ ಸಿಕ್ಕಿದ್ದು ನಮ್ಮೂರ ದೃಶ್ಯ. ಹಳ್ಳಿಯಲ್ಲಿ ಬೆಳೆದವರು ಇದನ್ನ ನೋಡಿರ್ತೀರಿ. ಹುಣಸೆ ಮರದ ಪೊಟರೆಯಲ್ಲಿರುವ ಗೂಬೆ ಅಪ್ಪಿತಪ್ಪಿ ಹಗಲು ಹೊತ್ತು ಹೊರಗೆ ಬಂದರೆ ಎಲ್ಲಿದ್ದವೋ ಕಾಗೆಗಳು, ಬಂದು ಮುತ್ತಿಕೊಳ್ತವೆ. ಒಂದು ಕುಕ್ಕುತ್ತೆ, ಹತ್ತು ಕಿರುಚುತ್ತವೆ. ಪ್ರಾಣಿಗಳ ನಡವಳಿಕೆ ಅಧ್ಯಯನ ಮಾಡಿದ ಕೊನ್ರಾಡ್ ಲೊರೆನ್ಸ್, ಹಕ್ಕಿಗಳು ಹೀಗೆ ಗುಂಪು ಕಟ್ಟಿ ಮೇಲೆ ಬೀಳುವುದರ ಬಗ್ಗೆ ಬರೆದಿದ್ದರು. ಸ್ವೀಡನ್ನಿನ ವೈದ್ಯ ಪೀಟರ್-ಪೌಲ್ ಹೈನೆಮಾನ್ ಅದೇ ಪದವನ್ನು ಶಾಲಾಮಕ್ಕಳಿಗೆ ಹಚ್ಚಿದರು. ಒಂದು ಮಗುವಿನ ಮೇಲೆ ಹಲವು ಮಕ್ಕಳು ಮುತ್ತಿಕೊಳ್ಳುವುದನ್ನ ‘ಮೊಬ್ನಿಂಗ್’ ಅಂತ ಕರೆದರು. 1972ರಲ್ಲಿ ಅದೇ ವಿಷಯದ ಮೇಲೆ ಪುಸ್ತಕ ಬರೆದರು. ಅಲ್ಲಿಯ ತನಕ “ಮಕ್ಕಳು ಅಂದ್ಮೇಲೆ ಇದ್ದಿದ್ದೇ” ಅನ್ನಿಸಿಕೊಳ್ತಿದ್ದ ಸಂಗತಿಗೆ ಒಂದು ಹೆಸರು ಬಂತು.

ಹೆಸರು ದೊಡ್ಡ ವಿಷಯ. ಕನ್ನಡದಲ್ಲಿ ನೋಡಿ: ರೇಗಿಸೋದು, ಚುಡಾಯಿಸೋದು, ಕಾಡಿಸೋದು, ಕಿಚಾಯಿಸೋದು. ಎಲ್ಲವೂ ಹಗುರ ಪದಗಳು, ಮಾಡುವವರ ಕಡೆಯಿಂದ ನೋಡಿದ ಪದಗಳು. ‘ಗೋಳು ಹೊಯ್ಕೊಳ್ಳೋದು’ ಅನ್ನೋದರಲ್ಲಿ ಮಾತ್ರ ಅನುಭವಿಸುವವರ ಗೋಳು ಸ್ವಲ್ಪ ಕೇಳಿಸುತ್ತೆ. ಅದನ್ನೂ ನಾವು ನಗ್ತಾನೇ ಹೇಳ್ತೀವಿ.

ಹೈನೆಮಾನ್ ಹೇಳಿದ್ದನ್ನು ಮುಂದಕ್ಕೆ ಒಯ್ದು, ಒಂದು ಕಡೆ ತಿದ್ದಿದವರು ಡಾನ್ ಓಲ್ವೇಯಸ್. ಸ್ವೀಡನ್ನಿನಲ್ಲಿ ಹುಟ್ಟಿ ನಾರ್ವೆಯ ಬರ್ಗೆನ್ನಿನಲ್ಲಿ ನೆಲೆಸಿದ ಮನಶ್ಶಾಸ್ತ್ರಜ್ಞ. ಇದನ್ನು ಬರೀ ಗುಂಪಿನ ಹುಚ್ಚು ಅಂದುಕೊಳ್ಳಬೇಡಿ, ಕುಕ್ಕುವುದು ಸಾಮಾನ್ಯವಾಗಿ ಒಬ್ಬಿಬ್ಬರೇ, ಉಳಿದವರು ಸುತ್ತ ನಿಂತಿರ್ತಾರೆ ಅಂದರು. ಬುಲ್ಲಿಯಿಂಗ್ ಅಂದರೆ ಏನು ಅನ್ನುವುದಕ್ಕೆ ಇವತ್ತಿಗೂ ಬಳಸುವ ಮೂರು ಗುರುತುಗಳನ್ನು ಕೊಟ್ಟವರು ಅವರೇ: ನೋಯಿಸಬೇಕು ಅಂತಲೇ ಮಾಡಿರಬೇಕು, ಮತ್ತೆ ಮತ್ತೆ ಮಾಡಿರಬೇಕು, ಇಬ್ಬರ ಬಲ ಸಮ ಇರಬಾರದು.

1982ರ ಕೊನೆಯಲ್ಲಿ ಉತ್ತರ ನಾರ್ವೆಯಲ್ಲಿ ಮೂವರು ಹುಡುಗರು ಆತ್ಮಹತ್ಯೆ ಮಾಡಿಕೊಂಡರು. ಹತ್ತರಿಂದ ಹದಿನಾಲ್ಕರ ವಯಸ್ಸು. ಜೊತೆಯವರ ಕಾಟವೇ ಕಾರಣವಿರಬೇಕು ಅಂತ ಗೊತ್ತಾದಾಗ ಇಡೀ ದೇಶ ಬೆಚ್ಚಿತು. ಮರುವರ್ಷವೇ ಸರ್ಕಾರ ರಾಷ್ಟ್ರಮಟ್ಟದ ಅಭಿಯಾನ ಶುರು ಮಾಡಿತು. ಓಲ್ವೇಯಸ್ ಬರ್ಗೆನ್ನಿನ 42 ಶಾಲೆಗಳ ಸುಮಾರು 2,500 ಮಕ್ಕಳನ್ನ ಎರಡು ವರ್ಷ ಗಮನಿಸಿದರು. ಕಾಟ ಸುಮಾರು ಅರ್ಧಕ್ಕೆ ಇಳಿದಿತ್ತು. ಅದೇ ಕಾರ್ಯಕ್ರಮ ಬೇರೆ ದೇಶಗಳಿಗೆ ಹೋದಾಗ ಎಲ್ಲ ಕಡೆಯೂ ಅಷ್ಟು ಫಲ ಸಿಗಲಿಲ್ಲ ಅನ್ನೋದೂ ನಿಜ. ಆದರೆ ಅವರು ಮಾಡಿದ್ದೇನು ಅಂತ ನೋಡಿದಾಗ ನನಗೆ ಆಶ್ಚರ್ಯ ಆಯಿತು. ಆಟದ ಬಿಡುವಿನಲ್ಲಿ ದೊಡ್ಡವರು ಅಂಗಳದಲ್ಲಿ ಇರಬೇಕು. ಕ್ಲಾಸಿನಲ್ಲಿ ಕಾಟದ ವಿರುದ್ಧ ಸ್ಪಷ್ಟ ನಿಯಮ ಇರಬೇಕು. ಅದರ ಬಗ್ಗೆ ಇಡೀ ಕ್ಲಾಸು ಆಗಾಗ ಕೂತು ಮಾತಾಡಬೇಕು. ಕಾಟ ಕೊಟ್ಟವರ ಜೊತೆ, ಅನುಭವಿಸಿದವರ ಜೊತೆ, ಎರಡೂ ಮನೆಯವರ ಜೊತೆ ಮಾತಾಡಬೇಕು. ಅಷ್ಟೇ. “ನೀನು ಗಟ್ಟಿಯಾಗು” ಅಂತ ಗೂಬೆಗೆ ಹೇಳುವುದು ಅವರ ಪಟ್ಟಿಯಲ್ಲಿ ಮೊದಲನೆಯದಾಗಿರಲಿಲ್ಲ. ಅವರು ಬದಲಾಯಿಸಲು ಹೊರಟಿದ್ದು ಮರದ ಸುತ್ತ ಇರುವವರನ್ನ.

ಇಷ್ಟೆಲ್ಲ ಗೊತ್ತಾದ ಮೇಲೆ, ಇಪ್ಪತ್ತು ವರ್ಷದ ನಂತರ, ನಮ್ಮ ಕಸುಬಿನವರು ಹೊಸ ಅಂಗಳ ಕಟ್ಟಿದರು. ಅದರಲ್ಲಿ ಮೇಷ್ಟ್ರು ಇರಲಿಲ್ಲ. ಬೆಲ್ಲೂ ಹೊಡೀತಿರಲಿಲ್ಲ.

2002ರ ಕೊನೆಯಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯದ ತ್ರುವಾ-ರಿವಿಯೇರ್ ಊರಿನಲ್ಲಿ ಗಿಸ್ಲೇನ್ ರಜಾ ಅನ್ನುವ ಹುಡುಗ ಶಾಲೆಯ ಸ್ಟುಡಿಯೊದಲ್ಲಿ ಒಬ್ಬನೇ ನಿಂತು, ಗಾಲ್ಫ್ ಚೆಂಡು ಎತ್ತುವ ಕೋಲನ್ನ ಸ್ಟಾರ್ ವಾರ್ಸ್ ಸಿನಿಮಾದ ಕತ್ತಿಯ ಹಾಗೆ ಬೀಸಿ ವಿಡಿಯೊ ಮಾಡಿಕೊಂಡಿದ್ದ. ಬಾಗಿಲು ಹಾಕಿಕೊಂಡು ನಾವೆಲ್ಲ ಕನ್ನಡಿ ಮುಂದೆ ರಾಜ್‌ಕುಮಾರ್ ಥರ ಮಾಡಿಲ್ವಾ, ಹಾಗೆ. 2003ರಲ್ಲಿ ಆ ಟೇಪು ಸಹಪಾಠಿಗಳಿಗೆ ಸಿಕ್ಕಿ ಇಂಟರ್ನೆಟ್ಟಿಗೆ ಏರಿತು. ಯೂಟ್ಯೂಬ್ ಹುಟ್ಟಲು ಇನ್ನೂ ಎರಡು ವರ್ಷ ಇತ್ತು. ಆದರೂ ಅದು ಪ್ರಪಂಚವನ್ನೇ ಸುತ್ತಿತು. ಹುಡುಗ ಶಾಲೆ ಬಿಟ್ಟು ಮನೆಪಾಠಕ್ಕೆ ಕೂತ. ಅವನ ಮನೆಯವರು ಸಹಪಾಠಿಗಳ ಕುಟುಂಬಗಳ ಮೇಲೆ ಹಾಕಿದ ಕೇಸು 2006ರಲ್ಲಿ ರಾಜಿಯಾಯಿತು. ಮುಂದೆ ಅವನು ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿದ. 2013ರಲ್ಲಿ, ಅಂದರೆ ಹತ್ತು ವರ್ಷದ ಮೇಲೆ, ಅದರ ಬಗ್ಗೆ ಬಹಿರಂಗವಾಗಿ ಬಾಯಿಬಿಟ್ಟ. ಆಗ ಕೆನಡಾದಲ್ಲಿ ಆನ್‌ಲೈನ್ ಕಾಟಕ್ಕೆ ಸಿಕ್ಕಿ ಜೀವ ಕಳೆದುಕೊಂಡ ಮಕ್ಕಳ ಸುದ್ದಿಗಳು ಬರ್ತಿದ್ದವು. ನೀವು ಒಬ್ಬರೇ ಅಲ್ಲ, ಇದನ್ನ ದಾಟಬಹುದು ಅಂತ ಅಂಥ ಮಕ್ಕಳಿಗೆ ಹೇಳೋಕೆ ಮಾತಾಡಿದ. ನಕ್ಕವರಲ್ಲಿ ಬಹುಪಾಲು ಜನ ಅವನನ್ನ ಜೀವಮಾನದಲ್ಲಿ ನೋಡಿದವರಲ್ಲ. ಅವರಿಗೆ ತಾವು ಕಾಟ ಕೊಡ್ತಿದೀವಿ ಅನ್ನೋದೇ ಗೊತ್ತಿರಲಿಲ್ಲ. ಫಾರ್ವರ್ಡ್ ಮಾಡಿದರು, ಅಷ್ಟೇ.

ಮೂರು ವರ್ಷದ ನಂತರದ ಕಥೆ ಇನ್ನೂ ಕಹಿ. ಅಮೆರಿಕದ ಮಿಸೌರಿ ರಾಜ್ಯದ ಮೆಗನ್ ಮಾಯರ್ ಎಂಬ ಹುಡುಗಿಗೆ ಹದಿನಾಲ್ಕು ತುಂಬಲು ಮೂರು ವಾರ ಬಾಕಿ ಇತ್ತು. ಮೈಸ್ಪೇಸ್‌ನಲ್ಲಿ ಪರಿಚಯವಾದ ಹದಿನಾರರ ಹುಡುಗನೊಬ್ಬ ವಾರಗಟ್ಟಲೆ ಪ್ರೀತಿಯಿಂದ ಮಾತಾಡಿ, 2006ರ ಅಕ್ಟೋಬರಿನ ಒಂದು ದಿನ ಇದ್ದಕ್ಕಿದ್ದಂತೆ ತಿರುಗಿಬಿದ್ದ. ಬೇರೆಯವರೂ ಸೇರಿಕೊಂಡು ಬೈದರು. ಮಗಳೂ ಬೈಗುಳಕ್ಕೆ ಬೈಗುಳ ಕೊಡುತ್ತಿರುವುದು ನೋಡಿ ಅಮ್ಮ ಗದರಿದರು. ಆಗಲೇ ಲಾಗ್ ಔಟ್ ಮಾಡು ಅಂದಿರಲಿಲ್ವಾ ಅಂದರು. ಯಾವ ಅಮ್ಮನಾದರೂ ಅದನ್ನೇ ಅನ್ನುತ್ತಿದ್ದರು. ಹುಡುಗಿ ಉಳಿಯಲಿಲ್ಲ. ಆಮೇಲೆ ಗೊತ್ತಾಗಿದ್ದು: ಅಂಥ ಹುಡುಗನೇ ಇರಲಿಲ್ಲ. ಆ ಅಕೌಂಟಿನ ಹಿಂದೆ ಇದ್ದವರಲ್ಲಿ ಅದೇ ಬೀದಿಯ, ಮೆಗನ್ನಳ ಹಳೇ ಗೆಳತಿಯ ತಾಯಿಯೂ ಒಬ್ಬರು.

ಯಾವ ಕಾನೂನಿನಲ್ಲಿ ಕೇಸು ಹಾಕಬೇಕು? ಮಿಸೌರಿಯ ಅಧಿಕಾರಿಗಳಿಗೆ ಒಂದೂ ಸಿಗಲಿಲ್ಲ. ಕೊನೆಗೆ ಲಾಸ್ ಏಂಜಲೀಸ್‌ನ ಫೆಡರಲ್ ಪ್ರಾಸಿಕ್ಯೂಟರ್, ಹ್ಯಾಕರ್‌ಗಳನ್ನು ಹಿಡಿಯಲು 1986ರಲ್ಲಿ ಮಾಡಿದ ಕಂಪ್ಯೂಟರ್ ವಂಚನೆ ಕಾಯ್ದೆಯನ್ನ ಎತ್ತಿಕೊಂಡರು. ಸುಳ್ಳು ಹೆಸರು ಕೊಟ್ಟು ಮೈಸ್ಪೇಸ್‌ನ ಷರತ್ತು ಮುರಿದಿದ್ದಾರೆ, ಆದ್ದರಿಂದ ಅವರ ಸರ್ವರ್ ಬಳಸಿದ್ದೇ ಅಪರಾಧ ಅನ್ನುವುದು ವಾದ. 2008ರಲ್ಲಿ ಜ್ಯೂರಿ ಸಣ್ಣ ಪ್ರಮಾಣದ ಅಪರಾಧ ಅಂತ ಒಪ್ಪಿತು. 2009ರಲ್ಲಿ ಜಡ್ಜ್ ಅದನ್ನೂ ರದ್ದು ಮಾಡಿದರು. ಷರತ್ತು ಮುರಿಯುವುದೇ ಕ್ರೈಮ್ ಅನ್ನುವುದಾದರೆ, ಓದದೆ ‘ಐ ಅಗ್ರೀ’ ಒತ್ತುವ ನಾವೆಲ್ಲ ಕ್ರಿಮಿನಲ್‌ಗಳಾಗ್ತೀವಲ್ಲ! ತೀರ್ಪು ಸರಿಯೇ ಇತ್ತು. ಆದರೆ ಒಂದು ಮಗು ಸತ್ತಿತ್ತು, ಕಾನೂನಿಗೆ ಕಂಡಿದ್ದು ಸರ್ವರ್ ಮಾತ್ರ. ಮಿಸೌರಿ 2008ರಲ್ಲಿ ತನ್ನ ಕಾನೂನು ತಿದ್ದಿಕೊಂಡಿತು. ತಾಯಿ ಟೀನಾ ಮಾಯರ್ ಮಗಳ ಹೆಸರಲ್ಲಿ ಸಂಸ್ಥೆ ಕಟ್ಟಿ, ಶಾಲೆ ಶಾಲೆಗೆ ಹೋಗಿ ಮಾತಾಡತೊಡಗಿದರು.

ಇದನ್ನೆಲ್ಲ ಓದುವಾಗ ನಾನು ಒಂದು ವರ್ಷವನ್ನ ಹಾರಿಸಿಕೊಂಡು ಮುಂದೆ ಹೋಗಲು ನೋಡಿದೆ. ಆಗಲಿಲ್ಲ. ಅದು 2007.

ನಾನಾಗ ಬಿಇ ಎರಡನೇ ವರ್ಷ. ಹಾಸ್ಟೆಲ್ ಪಕ್ಕದ ಸೈಬರ್ ಸೆಂಟರಿನಲ್ಲಿ ಗಂಟೆಗೆ ಹದಿನೈದು ರೂಪಾಯಿ. ಎಲ್ಲರೂ ಆರ್ಕುಟ್‌ನಲ್ಲಿ. ಸ್ಕ್ರ್ಯಾಪ್‌ಬುಕ್ ಅಂದರೆ ಊರ ಅರಳಿಕಟ್ಟೆ. ಯಾರು ಯಾರಿಗೆ ಏನು ಬರೆದರೂ ಎಲ್ಲರಿಗೂ ಕಾಣುತ್ತಿತ್ತು. ಗೆಳೆಯರಿಗೆ ಅಂಕ ಕೊಡುವ ವ್ಯವಸ್ಥೆಯೂ ಇತ್ತು: ನಂಬಿಕಸ್ಥರಿಗೆ ನಗುಮುಖ, ‘ಕೂಲ್’ ಇದ್ದವರಿಗೆ ಮಂಜುಗಡ್ಡೆ, ‘ಸೆಕ್ಸಿ’ ಅನ್ನಿಸಿದವರಿಗೆ ಹೃದಯ. ನಮ್ಮ ಬ್ಯಾಚಿನ ಯಾರೋ ನಮ್ಮದೇ ಕ್ಲಾಸಿನ ಹುಡುಗಿಯ ಹೆಸರಲ್ಲಿ ನಕಲಿ ಪ್ರೊಫೈಲ್ ಮಾಡಿದರು. ಅವಳೂ ನನ್ನ ಹಾಗೆ ಹಳ್ಳಿಯಿಂದ ಬಂದವಳು, ಇಂಗ್ಲಿಷ್ ತಡವರಿಸುತ್ತಿದ್ದವಳು. ಅವಳು ವೈವಾದಲ್ಲಿ ತಪ್ಪಾಗಿ ಹೇಳಿದ ವಾಕ್ಯಗಳೇ ಆ ಪ್ರೊಫೈಲಿನ ಪರಿಚಯ.

ಅದನ್ನ ಮಾಡಿದ್ದು ನಾನಲ್ಲ. ನಾನು ಮಾಡಿದ್ದು ಇಷ್ಟೇ: ಫ್ರೆಂಡ್ ರಿಕ್ವೆಸ್ಟ್ ಒಪ್ಪಿಕೊಂಡೆ. ಮೂರು ಹೃದಯ ಕೊಟ್ಟೆ. ಒಂದು ಸ್ಕ್ರ್ಯಾಪ್ ಬರೆದೆ. ಅದು ನನಗೆ ಇವತ್ತಿಗೂ ಪದಪದ ನೆನಪಿದೆ, ಇಲ್ಲಿ ಬರೆಯಲಾರೆ. ನನ್ನ ಇಂಗ್ಲಿಷೂ ಅವಳದಕ್ಕಿಂತ ಮೇಲೇನೂ ಇರಲಿಲ್ಲ. ಅವಳನ್ನ ನೋಡಿ ನಗುತ್ತಿರುವಷ್ಟು ಹೊತ್ತು ಯಾರೂ ನನ್ನನ್ನ ನೋಡಿ ನಗಲ್ಲ ಅಂತ ಒಳಗೆಲ್ಲೋ ಲೆಕ್ಕ ಹಾಕಿದ್ದೆ. ಅವಳು ಮುಂದಿನ ಬೆಂಚು ಬಿಟ್ಟು ಕಡೇ ಬೆಂಚಿಗೆ ಹೋದಳು. ಆಮೇಲೆ ವೈವಾಗಳಿಗೇ ಬರದೆ ಎರಡು ಸಬ್ಜೆಕ್ಟ್ ಉಳಿಸಿಕೊಂಡಳು. ಕಾಲೇಜಿನ ಗೇಟಿನಲ್ಲಿ ‘ರ‍್ಯಾಗಿಂಗ್ ಶಿಕ್ಷಾರ್ಹ ಅಪರಾಧ’ ಅಂತ ದೊಡ್ಡ ಬೋರ್ಡೇ ಇತ್ತು. ಕರ್ನಾಟಕದ 1983ರ ಶಿಕ್ಷಣ ಕಾಯ್ದೆಯಲ್ಲೇ ರ‍್ಯಾಗಿಂಗ್ ನಿಷೇಧ ಇದೆ. ಆದರೆ ರ‍್ಯಾಗಿಂಗ್ ಅಂದರೆ ಸೀನಿಯರ್‌ಗಳು ಹಾಸ್ಟೆಲ್ಲಿನಲ್ಲಿ ಮಾಡೋದು ಅಂತ ನಾವು ತಿಳಿದಿದ್ದೆವು. ನಾವು ಮಾಡಿದ್ದು ‘ತಮಾಷೆ’.

ಓಲ್ವೇಯಸ್ ಒಂದು ಚಿತ್ರ ಬರೆದಿದ್ದಾರೆ, ಕಾಟದ ವೃತ್ತ ಅಂತ. ನಡುವೆ ಮಗು. ಸುತ್ತ ಶುರು ಮಾಡುವವರು, ಜೊತೆ ಸೇರುವವರು, ಕೈ ಹಚ್ಚದೆ ಖುಷಿಪಡುವವರು, ತಪ್ಪು ಅಂತ ಗೊತ್ತಿದ್ದೂ ಸುಮ್ಮನಿರುವವರು, ಅಪರೂಪಕ್ಕೆ ಅಡ್ಡ ನಿಲ್ಲುವವರು. ನಾನು ಎಲ್ಲಿ ನಿಂತಿದ್ದೆ ಅಂತ ಗುರುತಿಸೋಕೆ ಒಂದು ನಿಮಿಷವೂ ಬೇಕಾಗಲಿಲ್ಲ. ಶುರು ಮಾಡಿದವನ ಪಕ್ಕದಲ್ಲೇ.

ನಮ್ಮ ದೇಶದ ಕಾನೂನು ಈ ಹೊತ್ತಿಗೆ ಎಲ್ಲಿತ್ತು? 2008ರ ಡಿಸೆಂಬರಿನಲ್ಲಿ ಐಟಿ ಕಾಯ್ದೆಗೆ ತಿದ್ದುಪಡಿ ಬಂತು. ಅದರ ಹೊಸ ಸೆಕ್ಷನ್ 66ಎ ಪ್ರಕಾರ ಕಂಪ್ಯೂಟರಿನಿಂದ ಅತಿ ಅವಹೇಳನದ ಸಂದೇಶ, ಕಿರಿಕಿರಿ ಆಗುವಂಥ ಸುಳ್ಳು ಸಂದೇಶ ಕಳಿಸಿದರೆ ಮೂರು ವರ್ಷದ ತನಕ ಜೈಲು. ಕೇಳೋಕೆ ನನ್ನ ಆ ಸಹಪಾಠಿಗೇ ಮಾಡಿದ ಹಾಗಿದೆ. ಬಳಕೆಯಾಗಿದ್ದು ಹೇಗೆ? 2012ರ ನವೆಂಬರಿನಲ್ಲಿ ಬಾಳ ಠಾಕ್ರೆ ತೀರಿಕೊಂಡು ಮುಂಬೈ ಬಂದ್ ಆದಾಗ, ಅದನ್ನ ಪ್ರಶ್ನಿಸಿ ಪಾಲ್ಘರ್‌ನ ಯುವತಿಯೊಬ್ಬಳು ಫೇಸ್‌ಬುಕ್ಕಿನಲ್ಲಿ ಬರೆದಳು, ಅವಳ ಗೆಳತಿ ಲೈಕ್ ಒತ್ತಿದಳು. ಇಬ್ಬರನ್ನೂ ಪೊಲೀಸರು ಬಂಧಿಸಿದರು. ಶ್ರೇಯಾ ಸಿಂಘಾಲ್ ಅನ್ನುವ ವಿದ್ಯಾರ್ಥಿನಿ ಸುಪ್ರೀಂ ಕೋರ್ಟಿಗೆ ಹೋದರು. 2015ರ ಮಾರ್ಚ್ 24ರಂದು ಕೋರ್ಟು 66ಎ ಅನ್ನು ಕಿತ್ತುಹಾಕಿತು. ‘ಕಿರಿಕಿರಿ’ ಅಂದರೆ ಯಾರಿಗೆ, ಎಷ್ಟು ಅಂತ ಗೆರೆ ಎಳೆಯೋರು ಯಾರು? ಆ ಪ್ರಶ್ನೆಗೆ ಕಾಯ್ದೆಯಲ್ಲಿ ಉತ್ತರ ಇರಲಿಲ್ಲ. ಗೂಬೆಯನ್ನ ಕಾಯಲು ಕೊಟ್ಟಂತೆ ಕಾಣುವ ಕೋಲನ್ನ ಬಲ ಇದ್ದವರು ಕಸಿದುಕೊಂಡು ಬೀಸಿದ್ದರು.

ಹಾಗಂತ ಈಗ ಕಾನೂನೇ ಇಲ್ಲ ಅಂದುಕೊಳ್ಳಬೇಡಿ. ಇನ್ನೊಬ್ಬರ ಗುರುತು ಕದಿಯುವುದು, ಖಾಸಗಿ ಚಿತ್ರ ಹಂಚುವುದು ಐಟಿ ಕಾಯ್ದೆಯ ಬೇರೆ ಸೆಕ್ಷನ್‌ಗಳ ಪ್ರಕಾರ ಅಪರಾಧವೇ. 2021ರ ಐಟಿ ನಿಯಮಗಳು, ನಕಲಿ ಅಕೌಂಟು ಅಥವಾ ನಗ್ನ ಚಿತ್ರದ ಬಗ್ಗೆ ದೂರು ಬಂದರೆ 24 ಗಂಟೆಯೊಳಗೆ ಕ್ರಮ ಕೈಗೊಳ್ಳಬೇಕು ಅಂದವು. ಆದರೆ ದೂರು ಕೊಡಬೇಕಾದವರು ಯಾರು? ಮತ್ತೆ ಆ ಮಗುವೇ, ಇಲ್ಲವೇ ಅದರ ಕಡೆಯ ಇನ್ನೊಬ್ಬರು. ಮಗು ಬಾಯಿ ಬಿಡದಿದ್ದರೆ ಗಡಿಯಾರ ಶುರುವೇ ಆಗಲ್ಲ.

ಇಲ್ಲಿ ನನ್ನ ಕಸುಬಿನವನೊಬ್ಬನ ಕಥೆ ಹೇಳಬೇಕು. ಆರ್ಟುರೊ ಬೆಹಾರ್ 2009ರಿಂದ 2015ರ ತನಕ ಫೇಸ್‌ಬುಕ್ಕಿನಲ್ಲಿ ಎಂಜಿನಿಯರಿಂಗ್ ಡೈರೆಕ್ಟರ್. ಜನರ ಸುರಕ್ಷತೆಯ ಟೂಲ್‌ಗಳು ಅವರ ಜವಾಬ್ದಾರಿ. ರಿಪೋರ್ಟ್ ಆಗಿ ಬರುವ ಫೋಟೊಗಳನ್ನ ತೆರೆದು ನೋಡಿದರೆ ಹೆಚ್ಚಿನವು ಯಾವ ನಿಯಮವನ್ನೂ ಮುರಿದಿರಲಿಲ್ಲ. ಬರೀ ಒಬ್ಬರ ಮನಸ್ಸು ನೋಯಿಸಿದ್ದವು. ಕಂಪನಿ ಕೇಳ್ತಿದ್ದಿದ್ದು “ಯಾವ ನಿಯಮ ಮುರಿದಿದೆ?” ಅಂತ. ಜನ ಹೇಳಬೇಕೆಂದಿದ್ದು “ನನಗೆ ಮುಜುಗರ ಆಯ್ತು” ಅಂತ. ಅವರ ತಂಡ ಪದಗಳನ್ನ ಬದಲಾಯಿಸಿತು. ‘ರಿಪೋರ್ಟ್’ ಅಂದರೆ ಜೊತೆಯವರನ್ನ ಸಿಕ್ಕಿಸಿಹಾಕಿದ ಹಾಗೆ ಅಂತ ಮಕ್ಕಳು ಹಿಂಜರಿಯುವುದು ಕಂಡು, ‘ಈ ಪೋಸ್ಟಿನಿಂದ ತೊಂದರೆಯಾಗಿದೆ’ ಅನ್ನುವಂಥ ಮಾತು ಇಟ್ಟರು. ಹಾಕಿದವರಿಗೇ ಅಥವಾ ನಂಬಿಕೆಯ ಇನ್ನೊಬ್ಬರಿಗೆ ಮೆಸೇಜು ಕಳಿಸುವ ದಾರಿ ಮಾಡಿದರು.

ಕೆಲಸ ಬಿಟ್ಟ ಮೇಲೆ ಅವರ ಹದಿನಾಲ್ಕರ ಮಗಳು ಇನ್‌ಸ್ಟಾಗ್ರಾಂ ಸೇರಿದಳು. ಕಾಟ ಶುರುವಾಯಿತು. ರಿಪೋರ್ಟ್ ಮಾಡಿದರೂ ಪ್ರಯೋಜನ ಆಗಲಿಲ್ಲ. ಗುಂಡಿ ಮಾಡಿದ ಅಪ್ಪನ ಮಗಳಿಗೇ ಗುಂಡಿ ಕೆಲಸ ಮಾಡಲಿಲ್ಲ. 2019ರಲ್ಲಿ ಸಲಹೆಗಾರರಾಗಿ ಮರಳಿ ಹೋದ ಬೆಹಾರ್, 2021ರ ಅಕ್ಟೋಬರಿನಲ್ಲಿ ಕಂಪನಿಯ ಮೇಲಿನವರಿಗೆ ಪತ್ರ ಬರೆದರು. 2023ರ ನವೆಂಬರಿನಲ್ಲಿ ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಸಾಕ್ಷಿ ಹೇಳಿದರು. ಅವರು ಕೇಳಿದ್ದರಲ್ಲಿ ರಾಕೆಟ್ ಸೈನ್ಸ್ ಏನೂ ಇರಲಿಲ್ಲ: ತನಗೆ ಏನಾಯಿತು ಅಂತ ಮಗು ತನ್ನ ಮಾತಲ್ಲಿ ಹೇಳಿಕೊಳ್ಳಲು ಒಂದು ಜಾಗ ಕೊಡಿ, ಅದನ್ನ ಲೆಕ್ಕಕ್ಕೆ ತಗೊಳ್ಳಿ. ಇನ್‌ಸ್ಟಾಗ್ರಾಂ 2019ರಲ್ಲಿ ‘ರಿಸ್ಟ್ರಿಕ್ಟ್’ ತಂದಾಗ ಕೊಟ್ಟ ಕಾರಣವೂ, ಬ್ಲಾಕ್ ಮಾಡಿದರೆ ಕಾಟ ಹೆಚ್ಚಾಗುತ್ತೆ ಅಂತ ಹುಡುಗರು ಹೆದರುತ್ತಾರೆ ಅನ್ನೋದೇ. ರಿಸ್ಟ್ರಿಕ್ಟ್ ಮಾಡಿದರೆ ಎದುರಿನವರಿಗೆ ತಿಳಿಯಲ್ಲ. ಅಕ್ಕನ ಮಗಳು ಫೋನಲ್ಲಿ ಹೇಳಿದ್ದೂ ಅದೇ ಮಾತು.

ಓಲ್ವೇಯಸ್ 2020ರಲ್ಲಿ ತೀರಿಕೊಂಡರು. ಕೊನೆಯ ವರ್ಷಗಳಲ್ಲಿ ಅವರು ಹೇಳಿದ ಒಂದು ಮಾತಿಗೆ ತುಂಬಾ ಜನ ಮುಖ ಸಿಂಡರಿಸಿದ್ದರು. ಸೈಬರ್ ಕಾಟ ಅನ್ನೋದು ಬೇರೆಯೇ ಲೋಕವಲ್ಲ, ಆನ್‌ಲೈನಲ್ಲಿ ಕಾಟ ಅನುಭವಿಸುವ ಮಕ್ಕಳಲ್ಲಿ ಬಹುಪಾಲು ಜನ ಶಾಲೆಯಲ್ಲೂ ಅನುಭವಿಸುತ್ತಿರ್ತಾರೆ ಅಂದಿದ್ದರು. ಅದನ್ನ ಓದಿದ ದಿನ ನಾನು ಅಕ್ಕನ ಮಗಳಿಗೆ ಫೋನ್ ಮಾಡಿ, ಅಕೌಂಟಿನ ವಿಷಯ ಬಿಟ್ಟು, “ಬಸ್ಸಲ್ಲಿ ಏನ್ ಮಾಡ್ತಾರೆ?” ಅಂತ ಕೇಳಿದೆ. ಆ ಪ್ರಶ್ನೆಯನ್ನ ಮೊದಲ ದಿನವೇ ಕೇಳಬೇಕಿತ್ತು. ಅವಳು ಮುಕ್ಕಾಲು ಗಂಟೆ ಮಾತಾಡಿದಳು.

ಮುಂದಿನ ಶನಿವಾರ ಊರಿಗೆ ಹೋದೆ. ಭಾವನ ಜೊತೆ ತೋಟದಲ್ಲಿ ಕೂತು ಎಲ್ಲ ಹೇಳಿದೆ, ಅವಳ ಒಪ್ಪಿಗೆ ಪಡೆದೇ. ಅವರ ಮೊದಲ ಮಾತು ಅವಳು ಹೇಳಿದಂತೆಯೇ ಬಂತು: “ಆ ಫೋನೇ ಬೇಡ ಅಂದಿದ್ದೆ ಕಣಪ್ಪ.” ನಮ್ಮ ಕಡೆ ‘ಗೂಬೆ ಕೂರಿಸೋದು’ ಅಂತಾರೆ, ತಪ್ಪನ್ನ ಇನ್ನೊಬ್ಬರ ತಲೆಗೆ ಕಟ್ಟೋದಕ್ಕೆ. ಫೋನಿನ ಮೇಲೆ ಕೂರಿಸೋದು ಸುಲಭ, ಹುಡುಗಿಯ ಮೇಲೆ ಕೂರಿಸೋದು ಇನ್ನೂ ಸುಲಭ. ಆಸ್ಟ್ರೇಲಿಯಾ 2025ರ ಡಿಸೆಂಬರ್ 10ರಿಂದ ಹದಿನಾರರ ಒಳಗಿನವರಿಗೆ ದೊಡ್ಡ ಸೋಷಿಯಲ್ ಮೀಡಿಯಾ ಅಕೌಂಟುಗಳನ್ನೇ ನಿಷೇಧಿಸಿದೆ. ಅಲ್ಲಿ ಜವಾಬ್ದಾರಿ ಕಂಪನಿಯದ್ದು. ಮಕ್ಕಳಿಗೆ, ತಂದೆತಾಯಿಗೆ ದಂಡವಿಲ್ಲ. ಅದರ ಫಲ ಏನೋ ಮುಂದೆ ನೋಡೋಣ. ಆದರೆ ನಮ್ಮ ಮನೆಗಳಲ್ಲಿ ಫೋನ್ ಕಿತ್ತುಕೊಳ್ಳುವುದು ಅಂದರೆ ಶಿಕ್ಷೆ ಹುಡುಗಿಗೆ. ಅದರ ಹಿಂದೆಯೇ ಕಾಲೇಜು ಬಿಡಿಸುವ ಮಾತು ಬರುತ್ತೆ, ಅದರ ಹಿಂದೆ ಗಂಡು ನೋಡುವ ಮಾತು. ಹಾಗಾಗಿ ಮಕ್ಕಳು ಕಾಗೆಗಳಿಗೆ ಹೆದರುವುದಕ್ಕಿಂತ ಹೆಚ್ಚು ಮನೆಗೆ ಹೆದರ್ತಾರೆ. ಭಾವನಿಗೆ ಇಷ್ಟನ್ನೇ ಹೇಳಿದೆ: “ಇವತ್ತು ಫೋನ್ ಕಿತ್ಕೊಂಡ್ರೆ ಮುಂದಿನ ಸಲ ಅವಳು ಹೇಳಲ್ಲ. ಕಾಟ ನಿಲ್ಲಲ್ಲ, ನಮಗೆ ಗೊತ್ತಾಗೋದು ನಿಲ್ಲುತ್ತೆ.” ಅವರು ಬಹಳ ಹೊತ್ತು ಗರಿ ಸೀಳುತ್ತಾ ಕೂತಿದ್ದರು. ಸೋಮವಾರ ಮಗಳನ್ನ ಕರೆದುಕೊಂಡು ಪ್ರಿನ್ಸಿಪಾಲರ ಹತ್ತಿರ ಹೋದರು.

ನಾವು ರಿಪೋರ್ಟ್ ಮಾಡಿದ ಅಕೌಂಟು ಆ ವಾರದಲ್ಲೇ ಹೋಯಿತು. ಇನ್ನೊಂದು ಬರಬಹುದು. ಅದಕ್ಕಿಂತ ದೊಡ್ಡದು ಬೇರೆ: ಕಾಲೇಜಿನಲ್ಲಿ ಲೆಕ್ಚರರ್ ಒಬ್ಬರು ಇಡೀ ಕ್ಲಾಸನ್ನ ಕೂರಿಸಿಕೊಂಡು, ಯಾರ ಹೆಸರೂ ಎತ್ತದೆ ಮಾತಾಡಿದರಂತೆ. ಮಾರನೇ ದಿನದಿಂದ ಇಬ್ಬರು ಹುಡುಗಿಯರು ಬಸ್ಸಿನಲ್ಲಿ ಅವಳ ಪಕ್ಕ ಸೀಟು ಹಿಡಿಯುತ್ತಾರಂತೆ. ಅವರೂ ಮೊದಲು ಇಮೋಜಿ ಹಾಕಿದ್ದವರೇ.

ಇಂಥದ್ದು ನಿಮ್ಮ ಮನೆಯಲ್ಲೂ ಬಂದರೆ ನೆನಪಿರಲಿ: ಮಕ್ಕಳ ಸಹಾಯವಾಣಿ 1098. ಮನಸ್ಸು ತೀರಾ ಕುಸಿದಿದ್ದರೆ ಟೆಲಿ-ಮಾನಸ್ 14416, ಕನ್ನಡದಲ್ಲೂ ಮಾತಾಡಬಹುದು. ಆದರೆ ಅದಕ್ಕೂ ಮೊದಲು ಮಗು ಬಂದು ಹೇಳಿದಾಗ ನಮ್ಮ ಬಾಯಿಂದ ಬರುವ ಮೊದಲ ವಾಕ್ಯ ಯಾವುದು ಅಂತ ಈಗಲೇ ಯೋಚಿಸಿಟ್ಟುಕೊಳ್ಳಿ.

ಊರಿಂದ ಹೊರಡುವ ರಾತ್ರಿ ಅಕ್ಕನ ಮಗಳಿಗೆ ಆರ್ಕುಟ್ ಕಥೆ ಹೇಳಿದೆ. ಹೃದಯ ಕೊಟ್ಟಿದ್ದು, ಸ್ಕ್ರ್ಯಾಪ್ ಬರೆದಿದ್ದು, ಎಲ್ಲ. ಅವಳು ಬೈತಾಳೆ ಅಂದುಕೊಂಡಿದ್ದೆ. ಬೈಯಲಿಲ್ಲ. “ಆ ಅಕ್ಕಂಗೆ ಸಾರಿ ಕೇಳಿದ್ಯಾ ಮಾಮ?” ಅಂದಳು.

ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ ಮುಚ್ಚಿತು. ನನ್ನ ಸ್ಕ್ರ್ಯಾಪು ಈಗ ಎಲ್ಲೂ ಇಲ್ಲ. ಅವಳಿಗೂ ಮರೆತಿರುತ್ತೆ ಅಂತ ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದಿದ್ದೆ. ಬೆಂಗಳೂರಿಗೆ ಬಂದ ಮೇಲೆ ಹುಡುಕಿದೆ. ಅವಳೂ ಇದೇ ಊರಲ್ಲಿ, ನನ್ನ ಹಾಗೇ ಒಂದು ಕಂಪನಿಯಲ್ಲಿದ್ದಾಳೆ. ನಾಲ್ಕು ಸಾಲು ಬರೆದು ಕಳಿಸಿದೆ. ಮೂರು ವಾರ ಉತ್ತರ ಬರಲಿಲ್ಲ. ಆಮೇಲೆ ಒಂದೇ ಸಾಲು ಬಂತು: “ಬರೆದಿದ್ದು ನೀನು ಅಂತ ಆಗಲೇ ಗೊತ್ತಿತ್ತು.”